ಅಜ್ಜ ಮೇಟಿ ಮುಟ್ಟಿದ ಸುಗ್ಗಿ

ಹರಿಹರ ದಾಟಿದ ಮೇಲೆ ಬಸ್ಸು ಒಂದು ಗಾಲಿಯನ್ನು ಮಣ್ಣಿಗಿಳಿಸಿಕೊಂಡು ನಿಧಾನಕ್ಕೆ ಹೊರಟಿತು. ಡಾಂಬರಿನ ಅರ್ಧ ಭಾಗವನ್ನು ಭತ್ತ ಹಿಡಿದಿತ್ತು. ಸುಗ್ಗಿ ಬಂತೆಂದರೆ ಭಾನುವಳ್ಳಿ ಕಡೆ ರಸ್ತೆಯೇ ಕಣ. ಡ್ರೈವರು ಗೊಣಗುತ್ತಾರೆ, ಬೈಕಿನವರು ಜಾರಿ ಬಿದ್ದು ಬೈಯುತ್ತಾರೆ, ಭತ್ತ ಮಾತ್ರ ಯಾರಿಗೂ ಕ್ಯಾರೆ ಅನ್ನದೆ ಬಿಸಿಲು ಕಾಯಿಸಿಕೊಂಡು ಮಲಗಿರುತ್ತದೆ. ಹಸಿ ಭತ್ತಕ್ಕೆ ಬಿಸಿಲು ತಾಗಿದಾಗ ಒಂದು ಹುಳಿ ವಾಸನೆ ಏಳುತ್ತದೆ. ಅದು ಕಿಟಕಿಯಿಂದ ಒಳಗೆ ಬಂದದ್ದೇ ನಾನು ಗಾಜು ಎಳೆದು ಮುಚ್ಚಿದೆ. ಬೇರೆಯವರಿಗೆ ಅದು ಹೊಸ ಅಕ್ಕಿಯ ವಾಸನೆ. ನನಗೆ ಅದು ಓಟಿನ ವಾಸನೆ.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವ್ವನ ಫೋನು ಬಂದಿತ್ತು. ನಾನು ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಬಿಲ್ ಹಾಕುವವಳು. ದೇವರಾಜ ಅರಸು ಬಡಾವಣೆಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ, ಒಂದು ಗ್ಯಾಸ್ ಒಲೆ, ಇಷ್ಟೇ ನನ್ನ ಸಂಸಾರ.

"ನಿಮ್ಮಜ್ಜ ಹೋದ್ರು. ಬಾ" ಎಂದಳು ಅವ್ವ. "ಬಸ್ಸಿನಾಗೆ ಅಳಬ್ಯಾಡ, ಮಂದಿ ನೋಡ್ತಾರೆ."

"ಯಾವ ದಾರೀಲಿ ಒಯ್ತೀರಿ?" ಎಂದೆ.

ಅಜ್ಜ ಸತ್ತ ಸುದ್ದಿ ಕೇಳಿ ಮೊದಲು ನನ್ನ ಬಾಯಿಗೆ ಬಂದದ್ದು ಅದೇ ಮಾತು. ಅವ್ವ "ಬಾ ಮೊದ್ಲು" ಎಂದು ಫೋನಿಟ್ಟಳು.

ಈ ದಾರಿಯ ಸಂಗತಿ ಹೇಳದೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ನಮ್ಮೂರಿನಲ್ಲಿ ನಮ್ಮ ಕೇರಿಗೂ ನಮ್ಮ ಸ್ಮಶಾನಕ್ಕೂ ನಡುವೆ ದೊಡ್ಡಮನೆ ಗೌಡರ ಗದ್ದೆ ಇದೆ. ಬೇಸಿಗೆಯಲ್ಲಿ ಸತ್ತವರು ಪುಣ್ಯವಂತರು, ಬಯಲಾದ ಗದ್ದೆಯಲ್ಲಿ ಅಡ್ಡ ಹೊತ್ತುಕೊಂಡು ಹೋಗಬಹುದು. ಭತ್ತ ನಿಂತಿರುವಾಗ ಸತ್ತರೆ ಗದ್ದೆಗೆ ಕಾಲಿಡುವ ಹಾಗಿಲ್ಲ. ಸುತ್ತು ಹಾಕಿ ಕಾಲುವೆಯ ಏರಿ ಹಿಡಿಯಬೇಕು. ಅದು ಒಬ್ಬರು ನಡೆಯುವಷ್ಟು ಅಗಲ, ಮೇಲೆ ಪಾಚಿ. ನಮ್ಮಪ್ಪ ಸತ್ತದ್ದು ಭತ್ತ ತೆನೆ ಬಾಗಿ ನಿಂತ ದಿನಗಳಲ್ಲಿ, ಅಕಾಲದ ಮಳೆ ಹಿಡಿದಾಗ. ಏರಿಯ ಮೇಲೆ ಹೊತ್ತವರೊಬ್ಬರ ಕಾಲು ಜಾರಿತು. ಅಪ್ಪ ಚಟ್ಟದ ಸಮೇತ ಕಾಲುವೆಯ ಕೆಸರಿಗೆ ಬಿದ್ದ. ಅವ್ವ ತಾನೇ ನೀರಿಗಿಳಿದು ಸೆರಗಿನಿಂದ ಅವನ ಮುಖ ಒರೆಸಿದಳು. ಮೂಗಿನಲ್ಲಿ ಹೋದ ಕೆಸರನ್ನು ಬೆರಳಿನಿಂದ ತೆಗೆದಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅವಳು ಅಷ್ಟು ಸುಮ್ಮನಿದ್ದದ್ದು ನೋಡಿ ನನಗೆ ಹೆದರಿಕೆಯಾಗಿತ್ತು.

ಅದರ ಮರುವರ್ಷ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ನಮ್ಮ ಕಡೆಯ ಸೀಟು ಮೊದಲ ಸಲ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಯಿತು. ಊರಿನಲ್ಲಿ ಅದನ್ನು ಯಾರೂ ದೊಡ್ಡ ವಿಷಯ ಎಂದುಕೊಳ್ಳಲಿಲ್ಲ. ಶಿವಲಿಂಗನಗೌಡರು, ಅಂದರೆ ದೊಡ್ಡಮನೆ ಗೌಡರು, ಬಸವಣ್ಣನ ಗುಡಿ ಕಟ್ಟೆಯ ಮೇಲೆ ಕೂತು ಹೇಳಿಬಿಟ್ಟರು: "ಎಲ್ಲಾ ಅವಿರೋಧ ಆಗ್ಲಿ. ನಮ್ಮ ಹನುಮಂತನ ಹೆಂಡ್ತಿ ನಿಲ್ತಾಳೆ." ಹನುಮಂತಣ್ಣ ಗೌಡರ ಟ್ರ್ಯಾಕ್ಟರ್ ಡ್ರೈವರು, ನಮ್ಮ ಕೇರಿಯವನೇ. ಅವನ ಹೆಂಡತಿ ರತ್ನಮ್ಮ ಅಲ್ಲಿ ಇರಲೂ ಇಲ್ಲ, ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ತಾನು ಸದಸ್ಯೆಯಾಗುವುದು ಅವಳಿಗೆ ತಿಳಿದದ್ದು ಸಂಜೆ ನಲ್ಲಿಯ ಹತ್ತಿರ.

ಮರುದಿನ ಅವ್ವ ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹೋಗುವಾಗ ಉಡುವ ಹಸಿರು ಸೀರೆ ಉಟ್ಟು, ಪಂಚಾಯ್ತಿ ಕಚೇರಿಗೆ ಹೋಗಿ ನಾಮಪತ್ರ ಕೊಟ್ಟು ಬಂದಳು. ನನಗೂ ಹೇಳಿರಲಿಲ್ಲ. ಹೊಲಿಗೆ ಮಷೀನಿನ ಗುರುತು ಕೇಳಿದ್ದೇನೆಂದು ಆಮೇಲೆ ಫೋನಿನಲ್ಲಿ ಹೇಳಿದಳು.

"ನಿನಗೆ ಹೊಲಿಯಾಕೇ ಬರಲ್ಲ" ಎಂದೆ.

"ಗೆದ್ದ ಮ್ಯಾಲೆ ಕಲೀತೀನಿ ಬಿಡು."

ತಮಾಷೆ ಅಲ್ಲಿಗೇ ಮುಗಿಯಿತು.

ಗೌಡರು ಕೂಗಾಡುವ ಮನುಷ್ಯರಲ್ಲ. ಹಣೆ ತುಂಬ ವಿಭೂತಿ, ಮೆಲ್ಲಗಿನ ಮಾತು. ಕೇರಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವರದೇ ಜೀಪು ಹರಿಹರದ ಆಸ್ಪತ್ರೆಗೆ ಕರೆದೊಯ್ಯುವುದು, ಇದು ಸುಳ್ಳಲ್ಲ. ಆದರೆ ಕೊಡುವವರು ತಾವು, ತೆಗೆದುಕೊಳ್ಳುವವರು ನಾವು ಎಂಬ ಲೆಕ್ಕ ಒಂದು ದಿನವೂ ತಪ್ಪಬಾರದು. ಅವ್ವ ಆ ಲೆಕ್ಕ ತಪ್ಪಿಸಿದ್ದಳು. ಆ ವಾರವೇ ಗೌಡರು ಭತ್ತ ಕೊಯ್ಯಲು ಮಷೀನು ತರಿಸಿದರು. ಅದುವರೆಗೂ ನಮ್ಮ ಕೇರಿಯ ಹೆಂಗಸರ ಕುಡುಗೋಲು ಹೋಗದೆ ಆ ಗದ್ದೆಯಲ್ಲಿ ಸುಗ್ಗಿ ಆದದ್ದಿಲ್ಲ. ಮಷೀನು ಮೂರು ಆಳಿನ ಎತ್ತರ, ಗುಡುಗುತ್ತ ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆ ಕಾಳು ಸುರಿಯುತ್ತಿತ್ತು. ಕೇರಿಯ ಹೆಂಗಸರು ಬದುವಿನ ಮೇಲೆ ನಿಂತು ನೋಡಿದರು. ಆಮೇಲೆ ತಿರುಗಿ ಅವ್ವನ ಕಡೆ ನೋಡಿದರು.

"ನಿನಗೇನವ್ವ ಕೆಂಚಮ್ಮ, ಮಗಳು ದಾವಣಗೆರ್ಯಾಗೆ ಸಂಬಳ ತಗಂತಾಳೆ. ನಮ್ಮ ಹೊಟ್ಟಿ ಮ್ಯಾಲೆ ಯಾಕ ಹೊಡೀತೀಯ?" ಎಂದು ಒಬ್ಬಳು ಕೇಳಿದಳಂತೆ. ಅವರ ಮಾತಿನಲ್ಲಿ ತಪ್ಪೇನಿದೆ ಎಂದು ಆಮೇಲೆ ಅವ್ವ ನನ್ನ ಹತ್ತಿರ ಹೇಳಿದಳು.

ಈ ಎಲ್ಲದರ ನಡುವೆ ಅಜ್ಜ ಇದ್ದ. ನನ್ನಪ್ಪನ ಅಪ್ಪ, ಸಿದ್ದಪ್ಪ. ತನ್ನಪ್ಪನ ಸಾಲಕ್ಕೆ ಮೀಸೆ ಮೂಡುವ ಮುಂಚೆಯೇ ದೊಡ್ಡಮನೆಗೆ ಜೀತಕ್ಕೆ ಸೇರಿದವನು. ಈಗಿನ ಗೌಡರು ಕೂಸಾಗಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿಸಿದವನು. ಜೀತ ಮಾಡಿಸಕೂಡದೆಂದು ಕಾನೂನು ಬಂದಾಗ ಸರ್ಕಾರದವರು ಜೀಪಿನಲ್ಲಿ ಬಂದು, ನೀನಿನ್ನು ಸ್ವತಂತ್ರ ಎಂದು ಅವನಿಗೆ ಹೇಳಿ ಹೋದರಂತೆ. ಮರುದಿನ ಬೆಳಿಗ್ಗೆ ಎದ್ದು ಅಜ್ಜ ಮತ್ತೆ ಗೌಡರ ಕೊಟ್ಟಿಗೆಗೇ ಹೋದ. "ದನ ಕಾಯ್ತಿರ್ತಾವಲ್ಲ, ಅವುಕ್ಕೆ ಕಾನೂನು ಹೆಂಗೆ ಗೊತ್ತಾಗ್ಬೇಕು" ಎನ್ನುತ್ತಿದ್ದ, ಯಾರಾದರೂ ಕೇಳಿದರೆ. ಅವ್ವ ನಾಮಪತ್ರ ಕೊಟ್ಟ ಮೇಲೂ ಅವನು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಸಗಣಿ ಬಳಿದು ಬರುತ್ತಿದ್ದ. ಮನೆಯಲ್ಲಿ ಸೊಸೆ, ಅಲ್ಲಿ ಗೌಡರು. ಇಬ್ಬರ ಜೊತೆಗೂ ಮಾತು ಕಡಿಮೆ ಮಾಡಿದ.

ನಾಮಪತ್ರ ವಾಪಸ್ ತೆಗೆಯುವ ಕೊನೆಯ ದಿನದ ಮುಂಜಾನೆ ಅವ್ವ ಮೊದಲ ಬಸ್ಸಿಗೆ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಎರಡು ರೊಟ್ಟಿ. ಬಂದವಳೇ ಬಾಗಿಲ ಚಿಲಕ ಹಾಕಿದಳು.

"ಇವತ್ತು ಮಧ್ಯಾಹ್ನ ಕಳೆಯೋ ತನಕ ನಾನು ಎಲ್ಲೂ ಇಲ್ಲ, ತಿಳೀತಾ" ಎಂದಳು.

ನಾನು ಅಂಗಡಿಗೆ ಹೊಟ್ಟೆನೋವೆಂದು ಹೇಳಿ ರಜೆ ಹಾಕಿದೆ. ನಿಜಕ್ಕೂ ಹೊಟ್ಟೆನೋವು ಶುರುವಾಯಿತು. ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಗೊತ್ತಿಲ್ಲದ ನಂಬರುಗಳಿಂದ. ಎತ್ತಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾವುದಾದರೂ ಜೀಪು ನಿಂತ ಸದ್ದಾದರೆ ಇಬ್ಬರೂ ಬಾಗಿಲ ಚಿಲಕ ನೋಡುತ್ತಿದ್ದೆವು. ನನ್ನ ಅವ್ವ ಏನೂ ಕದ್ದಿರಲಿಲ್ಲ, ಯಾರನ್ನೂ ಹೊಡೆದಿರಲಿಲ್ಲ. ಸರ್ಕಾರ ಕೊಟ್ಟ ಹಕ್ಕನ್ನು ಇಟ್ಟುಕೊಳ್ಳಲು ಕಳ್ಳಿಯ ಹಾಗೆ ಮಗಳ ಕೋಣೆಯಲ್ಲಿ ಮಂಚದ ಮೂಲೆಗೆ ಒತ್ತಿ ಕೂತಿದ್ದಳು. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಹೊತ್ತು ನೆತ್ತಿಗೇರಿದಾಗ ಹನುಮಂತಣ್ಣನ ನಂಬರಿನಿಂದ ಫೋನು ಬಂತು. ಊರಿನಲ್ಲಿ ಯಾರಿಗಾದರೂ ಏನಾದರೂ ಆಗಿದೆಯೋ ಎಂದು ಎತ್ತಿದೆ. ಆ ಕಡೆಯಿಂದ ಬಂದದ್ದು ಅಜ್ಜನ ದನಿ.

"ಮಂಜೀ, ನಿಮ್ಮವ್ವ ಅಲ್ಲಿ ಅದಾಳೇನು?"

ಅಜ್ಜನಿಗೆ ಫೋನು ಹಿಡಿಯಲು ಬರುವುದಿಲ್ಲ. ಯಾರೋ ಅವನ ಕಿವಿಗೆ ಹಿಡಿದಿದ್ದರು. ಹಿಂದೆ ಗೌಡರ ಕೊಟ್ಟಿಗೆಯ ಎಮ್ಮೆಯ ಕೂಗು ಕೇಳಿಸುತ್ತಿತ್ತು. ನಾನು ಅವ್ವನ ಮುಖ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು.

"ಇಲ್ಲಜ್ಜ" ಎಂದೆ.

"ಇದ್ರೆ ಹೇಳು. ಗೌಡ್ರು ಕೇಳಾಕತ್ತಾರೆ" ಎಂದ. ಸ್ವಲ್ಪ ತಡೆದು, ದನಿ ತಗ್ಗಿಸದೆಯೇ, "ಇಲ್ಲಾಂದ್ರೆ ಇಲ್ಲಾನ್ನು, ಅಷ್ಟೇ" ಎಂದ.

"ಇಲ್ಲ."

"ಇಲ್ಲಂತ್ರಿ" ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಫೋನು ಕಟ್ಟಾಯಿತು. ಹೊತ್ತು ಇಳಿದ ಮೇಲೆ ಅವ್ವ ಎದ್ದು, ತಂದ ರೊಟ್ಟಿ ತೆಗೆದು, ಚಟ್ನಿಪುಡಿ ಹಾಕಿ ನನಗೊಂದು ಕೊಟ್ಟು ತಾನೊಂದು ತಿಂದಳು. ಅವಿರೋಧ ಆಯ್ಕೆ ಮುರಿದಿತ್ತು. ಇನ್ನು ಓಟು ಆಗಲೇಬೇಕಿತ್ತು.

ಆದರೆ ಗೌಡರ ಕೈಯಲ್ಲಿ ಇನ್ನೊಂದು ದಾಳ ಇತ್ತು. ಅದೇ ಮೇಟಿ.

ಮೇಟಿ ಎಂದರೆ ಕಣದ ನಡುವೆ ನೆಡುವ ಕಂಬ. ಮುಂಚೆ ಅದಕ್ಕೆ ದನ ಕಟ್ಟಿ ಸುತ್ತಲೂ ಹಂತಿ ತುಳಿಸಿ ಕಾಳು ಬಿಡಿಸುತ್ತಿದ್ದರು. ರಾಶಿ ಹಾಕಿದ ಮೇಲೆ ಅದಕ್ಕೆ ಪೂಜೆ. ಗೌಡರ ಕಣಕ್ಕೆ ಸಿಮೆಂಟು ಬಿದ್ದು ಹಂತಿ ನಿಂತು ಎಷ್ಟೋ ವರ್ಷವಾಗಿದ್ದರೂ ಮೇಟಿಯನ್ನು ಕಿತ್ತಿರಲಿಲ್ಲ. ಅದಕ್ಕೆ ಇನ್ನೊಂದು ಕೆಲಸ ಇತ್ತು. ಯಾವ ಚುನಾವಣೆ ಬರಲಿ, ಓಟಿನ ಹಿಂದಿನ ದಿನ ನಮ್ಮ ಕೇರಿಯವರೆಲ್ಲ ಆ ಕಣಕ್ಕೆ ಹೋಗಿ ನಿಲ್ಲಬೇಕು. ಕೇರಿಯ ಹಿರಿಯ ಜೀತಗಾರ ಎಲ್ಲರ ಪರವಾಗಿ ಮೇಟಿ ಮುಟ್ಟಿ, "ಕೇರಿ ಓಟು ದೊಡ್ಡಮನೆಗೆ" ಎನ್ನಬೇಕು. ಮುಗಿಯಿತು. ಮುಟ್ಟಿ ಆಡಿದ ಮಾತು ತಪ್ಪಿದರೆ ಆ ಮನೆಗೆ ಕಾಳು ಹತ್ತುವುದಿಲ್ಲ ಎಂದು ನಂಬಿಕೆ. ಮತಗಟ್ಟೆಯಲ್ಲಿ ಪರದೆ ಕಟ್ಟಿ ಗುಟ್ಟಾಗಿ ಓಟು ಹಾಕಿಸುವವರಿಗೆ ಇದೆಲ್ಲ ಗೊತ್ತೇ ಇರುತ್ತಿರಲಿಲ್ಲ. ಪರದೆಯ ಒಳಗೆ ಹೋಗುವ ಮುಂಚೆಯೇ ಓಟು ಬಿದ್ದಿರುತ್ತಿತ್ತು. ಪ್ರತಿ ಸಲ ಮುಟ್ಟುತ್ತಿದ್ದವನು ನಮ್ಮಜ್ಜ.

ಓಟಿನ ಹಿಂದಿನ ದಿನ ನಾನು ಊರಿನಲ್ಲಿದ್ದೆ. ಕೇರಿಯಲ್ಲಿ ಒಲೆ ಹೊತ್ತಿಸಿದರೂ ಯಾರೂ ಸರಿಯಾಗಿ ಉಂಡಂತಿರಲಿಲ್ಲ. ಎಲ್ಲರೂ ಅಜ್ಜನ ಕಡೆ ನೋಡುತ್ತಿದ್ದರು, ಬಾಯಿ ಬಿಟ್ಟು ಯಾರೂ ಕೇಳುತ್ತಿರಲಿಲ್ಲ. ಅಜ್ಜ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

ನಾನೇ ಹೋಗಿ ಎದುರು ಕೂತೆ. "ಅಜ್ಜ, ನೀನು ಹೋಗಬ್ಯಾಡ. ಮೈಯಾಗೆ ಹುಷಾರಿಲ್ಲ ಅನ್ನು."

"ಹುಷಾರಾಗಿದೀನಲ್ಲ."

"ಅವ್ವನ ಓಟನ್ನ ನೀನೇ ತಗಂಡೋಗಿ ಅವ್ರಿಗೆ ಕೊಡ್ತೀಯೇನು?"

ಅಜ್ಜ ಬೀಡಿಯನ್ನು ಕಲ್ಲಿಗೆ ಒರೆಸಿ ಆರಿಸಿದ. ನನ್ನ ಪ್ರಶ್ನೆ ಅವನಿಗೆ ನೋವು ಮಾಡಿತ್ತು, ಮುಖದಲ್ಲೇ ಕಾಣುತ್ತಿತ್ತು. ನನಗೆ ಆಗ ಕನಿಕರ ಇರಲಿಲ್ಲ, ಸಿಟ್ಟು ಮಾತ್ರ ಇತ್ತು. ಒಳಗಿನಿಂದ ಅವ್ವ, "ಮಂಜೀ, ಮಾವನ್ನ ಕೆಣಕಬ್ಯಾಡ" ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಕರೆ ಬಂತು, ಎಲ್ಲರೂ ಹೋದೆವು. ಕಣದಲ್ಲಿ ಆ ವರ್ಷ ರಾಶಿಯೇ ಇರಲಿಲ್ಲ. ಮಷೀನು ಕೊಯ್ದ ಭತ್ತ ನೇರ ರಸ್ತೆಗೆ ಒಣಗಲು ಹೋಗಿತ್ತು. ರಾಶಿ ಇಲ್ಲದೆ ಮೇಟಿ ಮುಟ್ಟುವ ಪದ್ಧತಿ ಇಲ್ಲ. ಅದು ಗೌಡರಿಗೆ ಕೊನೆ ಗಳಿಗೆಯಲ್ಲಿ ನೆನಪಾಗಿ, ಹನುಮಂತಣ್ಣ ರಸ್ತೆಯಿಂದ ಒಂದಷ್ಟು ಚೀಲ ತುಂಬಿಸಿ ತಂದು ಮೇಟಿಯ ಬುಡಕ್ಕೆ ಸುರಿಯುತ್ತಿದ್ದ. ಇನ್ನೂ ಹಸಿ ಭತ್ತ. ಅದರ ಹುಳಿ ವಾಸನೆ ಕಣ ತುಂಬ ಹಬ್ಬಿತ್ತು. ರತ್ನಮ್ಮ ಒಂದು ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವ್ವ ಹೆಂಗಸರ ಕಡೆ ನೆಟ್ಟಗೆ ನಿಂತಿದ್ದಳು, ಅವಳ ಪಕ್ಕ ಯಾರೂ ನಿಂತಿರಲಿಲ್ಲ.

"ಬಾರೋ ಸಿದ್ದ" ಎಂದರು ಗೌಡರು. ಪ್ರೀತಿಯಿಂದಲೇ ಎಂದರು. ಅದೇ ಕಷ್ಟ.

ಅಜ್ಜ ಟವೆಲು ತಲೆಯಿಂದ ತೆಗೆದು ಸೊಂಟಕ್ಕೆ ಕಟ್ಟಿದ. ಭತ್ತವನ್ನು ತುಳಿಯದ ಹಾಗೆ ಸುತ್ತು ಬಂದು ಮೇಟಿಯ ಮುಂದೆ ನಿಂತ. ಕೈ ಎತ್ತಿದ. ಅವನು ಕೈ ಇಟ್ಟ.

"ನನ್ನ ಓಟು ದೊಡ್ಡಮನೆಗೆ" ಎಂದ.

ಗೌಡರು ಕಾದರು. ಅಜ್ಜ ಕೈ ತೆಗೆಯಲಿಲ್ಲ, ಮುಂದೆ ಮಾತೂ ಆಡಲಿಲ್ಲ.

"ಪೂರ್ತಿ ಹೇಳೋ. ಕೇರಿ ಓಟು ಅನ್ನು."

"ನಂದು ಒಂದೇ ಐತ್ರಿ, ಗೌಡ್ರೇ" ಎಂದ ಅಜ್ಜ. "ಅದನ್ನ ಕೊಟ್ಟೆ. ಅವ್ರವು ಅವ್ರ ಕೈಯಾಗೆ ಅದಾವು. ನಂದಲ್ಲದ್ದನ್ನ ನಾನು ಹೆಂಗೆ ಕೊಡ್ಲಿ?"

"ಇಷ್ಟು ವರ್ಷ ಹೆಂಗೆ ಕೊಟ್ಟೆ?"

"ತಪ್ಪಾತ್ರಿ."

ಗೌಡರು ಕೇರಿಯವರ ಕಡೆ ತಿರುಗಿ, "ಯಾರಾದ್ರೂ ಬಂದು ಮುಟ್ರಿ" ಎಂದರು. ಯಾರೂ ಕದಲಲಿಲ್ಲ. ಹಿರಿಯ ಇರುವಾಗ ಬೇರೆಯವರು ಮುಂದೆ ಹೋಗಿ ಮುಟ್ಟುವ ಪದ್ಧತಿ ಇಲ್ಲ. ಆ ಪದ್ಧತಿ ಮಾಡಿದವರು ದೊಡ್ಡಮನೆಯವರೇ. ಹನುಮಂತಣ್ಣ ಒಂದು ಹೆಜ್ಜೆ ಮುಂದೆ ಇಟ್ಟು, ಯಾಕೋ ಮತ್ತೆ ಚೀಲ ಮಡಚಲು ಬಾಗಿದ. ಅಜ್ಜ ಮೇಟಿಗೆ ತಲೆ ಮುಟ್ಟಿಸಿ ನಮಸ್ಕಾರ ಮಾಡಿ, ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಕೇರಿಯವರು ಕಣ ಬಿಟ್ಟರು.

ಮರುದಿನ ಶಾಲೆಯಲ್ಲಿ ಓಟು. ಕೇರಿಯವರು ಹಾಕಿದರು, ಅಜ್ಜನೂ ಹೋಗಿ ಹಾಕಿ ಬಂದ. ಸಂಜೆ ಅವ್ವ ಮುದ್ದೆ ಮಾಡಿ ಎಲ್ಲರಿಗೂ ತಟ್ಟೆ ಇಟ್ಟಳು. ಅಜ್ಜ ಕೈ ತೊಳೆದು ಬಂದವನು ತಟ್ಟೆಯ ಮುಂದೆ ಕೂರಲಿಲ್ಲ, ಬಾಗಿಲಲ್ಲೇ ನಿಂತ.

"ಕೆಂಚವ್ವ, ಉಣ್ಣೋ ಮುಂಚೆ ಹೇಳ್ಬೇಕು. ನಿನಗೆ ಹಾಕ್ಲಿಲ್ಲ ನಾನು."

ನಾನು ನಂಬಲಿಲ್ಲ. ಕಣದಲ್ಲಿ ಅಜ್ಜ ಗೌಡರ ಬಾಯಿ ಮುಚ್ಚಿಸಲು ಹಾಗೆ ಹೇಳಿದ, ಒಳಗೆ ಹೋಗಿ ಅವ್ವನಿಗೇ ಮುದ್ರೆ ಒತ್ತಿರುತ್ತಾನೆ ಎಂದು ನಾನೂ ಕೇರಿಯ ಎಲ್ಲರೂ ಅಂದುಕೊಂಡಿದ್ದೆವು. "ಪರದೆ ಒಳಗೆ ಯಾರು ನೋಡ್ತಿದ್ರು ಅಜ್ಜ ನಿನ್ನ?" ಎಂದು ಕೂಗಿಬಿಟ್ಟೆ.

"ಯಾರೂ ಇರ್ಲಿಲ್ಲ" ಎಂದ. "ಹುಟ್ಟಿದಾಗಿಂದ ನಂದು ಅಂತ ಏನೂ ಇರ್ಲಿಲ್ಲ ಮಂಜಿ. ಮೈಯಿ ಅವ್ರದು, ಹೊತ್ತು ಅವ್ರದು. ನಿನ್ನೆ ಕೈ ಇಟ್ಟಾಗ ತಿಳೀತು, ಇದೊಂದು ನಂದೈತಿ ಅಂತ. ನಂದು ಅಂತ ಕೊಟ್ಟ ಮ್ಯಾಲೆ ಹೆಂಗೆ ತಿರುಗಿ ಕಸ್ಕೊಳ್ಳಲಿ?"

ಒಂದು ಓಟಿನಿಂದ ಅವ್ವ ಸೋತರೆ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಅವ್ವ ಮಾತ್ರ ಎದ್ದು ಅವನ ತಟ್ಟೆಗೆ ಸಾರು ಬಿಟ್ಟಳು.

"ಗೊತ್ತಿತ್ತು ಮಾವ. ನಿಮ್ಮ ಮುಖ ನಾನು ಇವತ್ತೇ ಮೊದ್ಲು ನೋಡ್ತಿದೀನೇನು? ಕೂಡ್ರಿ, ಆರತೈತೆ."

ಎಣಿಕೆ ಹರಿಹರದಲ್ಲಿ. ಕಟ್ಟಡದ ಹೊರಗೆ ಒಂದೊಂದು ಊರಿನವರು ಒಂದೊಂದು ಗುಂಪು. ಗುಲಾಲಿನ ಚೀಲ ಹಿಡಿದವರು, ಬೆರಳು ಕಚ್ಚುವವರು, ಸುಮ್ಮನೆ ಚಹಾ ಕುಡಿಯುವವರು. ಅವ್ವ ಒಳಗೆ, ನಾನು ರಸ್ತೆಯ ಈಚೆ. ಗೌಡರ ಜೀಪು ಬೇವಿನ ಮರದ ಕೆಳಗಿತ್ತು. ನಮ್ಮೂರಿನ ಹೆಸರು ಕೂಗಿದಾಗ ನಾನು ರಸ್ತೆ ದಾಟಿ ಗೇಟಿನ ಹತ್ತಿರ ಹೋದೆ. ಒಂದು ಸಲ ರತ್ನಮ್ಮ ಮುಂದೆ ಅಂದರು, ಇನ್ನೊಂದು ಸಲ ಮತ್ತೆ ಎಣಿಸುತ್ತಿದ್ದಾರೆ ಅಂದರು. ಬಹಳ ಹೊತ್ತಾದ ಮೇಲೆ ಅವ್ವ ಹೊರಗೆ ಬಂದಳು. ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂದು ಹುಡುಕುತ್ತಿದ್ದಳು.

"ಏನಾತವ್ವ?"

"ಆತು" ಎಂದಳು. "ತುಸುವೇ ಹೆಚ್ಚು. ಆದ್ರೂ ಆತು." ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಅಪ್ಪ ಸತ್ತಾಗ ಅಳದೇ ಇದ್ದವಳು, ಮಂದಿ ನೋಡುವ ಹಾಗೆ ಅತ್ತಳು.

ಸಂತೋಷ ಒಂದೇ ರಾತ್ರಿಯದು. ಮರುದಿನ ಬೆಳಿಗ್ಗೆ ಅಜ್ಜ ಎಂದಿನಂತೆ ಕೊಟ್ಟಿಗೆಗೆ ಹೋದ. ಗೌಡರು ಬಾಗಿಲಲ್ಲಿ ನಿಂತಿದ್ದರಂತೆ. "ಮೇಟಿ ಮುಟ್ಟಿ ಸುಳ್ಳು ಹೇಳ್ದವನು ನನ್ನ ದನ ಮುಟ್ಟಬ್ಯಾಡ" ಎಂದರಂತೆ. ಅಜ್ಜ ತಿರುಗಿ ಬಂದ. ಸಂಗತಿ ಕೇಳಿ ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಹೋಗಿ ಹೇಳಿ ಬರ್ತೀನಿ. ನನಗೆ ಹಾಕ್ಲಿಲ್ಲ ಅಂತ ನನ್ನ ಬಾಯಾಗೇ ಕೇಳ್ಲಿ."

"ಬ್ಯಾಡ" ಎಂದ ಅಜ್ಜ. "ಓಟು ಗುಟ್ಟಂತಲ್ಲ. ಗುಟ್ಟಾಗೇ ಇರ್ಲಿ. ನಂಬೋರಾಗಿದ್ರೆ ಅವ್ರೇ ನಂಬ್ತಿದ್ರು."

ಅಲ್ಲಿಂದ ಮುಂದೆ ಅಜ್ಜ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯದೆ ಕೇರಿಯ ಬಾಯಲ್ಲಿ ನಿಲ್ಲುತ್ತಿದ್ದ. ಗೌಡರ ದನ ಮೇಯಲು ಹೊರಟಾಗ ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಅವ್ವ ಪಂಚಾಯ್ತಿಯಲ್ಲಿ ಮೊದಲ ಸಭೆಗೇ ಸ್ಮಶಾನದ ದಾರಿಯ ಮಾತೆತ್ತಿದಳು. ಠರಾವು ಆಯಿತು, ಅಳತೆಗೆ ಬಂದರು, ಗೌಡರು ತಕರಾರು ಹಾಕಿದರು, ಕೇಸು ನಡೆಯಿತು. ಗೆದ್ದರೆ ದಾರಿ ಬರುತ್ತದೆ ಎಂದುಕೊಂಡಿದ್ದೆವು. ಗೆದ್ದರೆ ದಾರಿ ಕೇಳುವ ಕುರ್ಚಿ ಬರುತ್ತದೆ, ಅಷ್ಟೇ. ಈಗ ಅವಳ ಅವಧಿಯೂ ಮುಗಿಯುತ್ತ ಬಂದಿದೆ. ಮುಂದಿನ ಸಲ ಆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಆಗಲೇ ಮಾತು.

ಬಸ್ಸು ನಿಂತಿತು, ಇಳಿದೆ. ಮೊದಲು ನೋಡಿದ್ದು ಗದ್ದೆಯನ್ನು. ರಸ್ತೆ ಬದಿಯವರದೆಲ್ಲ ಕೊಯ್ಲಾಗಿತ್ತು, ಗೌಡರದು ಮಾತ್ರ ನಿಂತಿತ್ತು. ಹಳದಿಗೆ ತಿರುಗಿ, ತೆನೆ ಬಾಗಿ, ಅಪ್ಪ ಸತ್ತ ವರ್ಷದ ಹಾಗೆಯೇ.

ಅಜ್ಜನನ್ನು ಕಟ್ಟೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ನಾಣ್ಯ ಅಂಟಿಸಿದ್ದರು. ಮುಖ ಸಣ್ಣದಾಗಿತ್ತು. ಬಸ್ಸಿನಲ್ಲಿ ತಡೆದದ್ದನ್ನೆಲ್ಲ ಅಲ್ಲಿ ಅತ್ತೆ. ಚಟ್ಟ ಸಿದ್ಧವಾಗುತ್ತಿದ್ದಾಗ ಗೌಡರು ಬಂದರು. ಅವರಿಗೂ ವಯಸ್ಸಾಗಿದೆ, ಕೋಲು ಬಂದಿದೆ. ಕೇರಿಯ ಒಳಗೆ ಅವರು ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜನ ಎದುರು ಹೋಗಿ ನಿಂತರು.

"ನನ್ನ ಹೊತ್ತು ತಿರುಗಿಸಿದ ಹೆಗಲು ಇದು" ಎಂದರು. "ಎಲ್ಲಾ ಛಲೋನೇ ಇದ್ದ. ಅದೊಂದು ಸುಳ್ಳು ಹೇಳ್ಬಾರದಿತ್ತು ನನ್ನ ಹತ್ರ."

ಅವ್ವ ಹೂ ಕಟ್ಟುತ್ತಿದ್ದವಳು ತಲೆ ಎತ್ತಿದಳು.

"ಇಷ್ಟು ದಿನ ಹೇಳಬ್ಯಾಡ ಅಂದಿದ್ರು, ಹೇಳ್ಲಿಲ್ಲ. ಇವತ್ತು ಹೇಳ್ತೀನ್ರಿ. ನನ್ನ ಮಾವ ನನಗೆ ಓಟು ಹಾಕ್ಲಿಲ್ಲ. ನಿಮ್ಮ ರತ್ನಮ್ಮಗೇ ಹಾಕಿದ್ರು. ಅವತ್ತೇ ಸಂಜಿ ಉಣ್ಣೋ ಮುಂಚೆ ನನ್ನ ಮುಂದೆ ನಿಂತು ಹೇಳಿದ್ರು."

ಕೇರಿಯವರಿಗೂ ಅದು ಹೊಸದು. ಹಲಗೆ ಬಡಿಯುತ್ತಿದ್ದವರು ನಿಲ್ಲಿಸಿದರು. ಗೌಡರು ಅವ್ವನ ಮುಖ ನೋಡಿದರು, ಸುಳ್ಳು ಹುಡುಕಿದ ಹಾಗೆ. ಸಿಗಲಿಲ್ಲ ಅನಿಸುತ್ತದೆ. ಅಲ್ಲೇ ಒಂದು ಒರಳುಕಲ್ಲಿನ ಮೇಲೆ ಕೂತುಬಿಟ್ಟರು. ನನಗೆ ಅವರ ಮೇಲೆ ಮರುಕ ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

"ಸಿದ್ದನ್ನ ಗದ್ದೆಯಾಗೇ ಒಯ್ರಿ" ಎಂದರು. "ಭತ್ತ ಹೋದ್ರೆ ಹೋಗ್ಲಿ. ಈ ಸಲ ನಾನೇನೂ ಅನ್ನಲ್ಲ."

ಕೇರಿಯವರ ಉಸಿರು ಸಡಿಲವಾದದ್ದು ಕೇಳಿಸಿತು. ನನಗೂ ಅಷ್ಟೇ, ಅಬ್ಬಾ ಅನಿಸಿತು. ಅವ್ವ ಮಾತ್ರ ಹೂವಿನ ಗಂಟು ಬಿಗಿದು ದಾರ ಹರಿದಳು.

"ಈ ಸಲಕ್ಕೆ ಅಂತಾದ್ರೆ ಬ್ಯಾಡ್ರಿ, ಗೌಡ್ರೇ. ದಾರಿ ಅಂತ ಬಿಟ್ರೆ ಹೋಗ್ತೀವಿ."

ಅವರ ಹಿಂದೆ ನಿಂತಿದ್ದ ಮಗ "ಅಪ್ಪಾಜಿ, ಕೇಸು ಐತೆ" ಎಂದ. ಗೌಡರು ನೆಲ ನೋಡಿದರು. ಅವ್ವ ಕಾದಳು. ಮೇಟಿಯ ಮುಂದೆ ಆವತ್ತು ಗೌಡರು ಕಾದದ್ದಕ್ಕಿಂತ ಹೆಚ್ಚು ಹೊತ್ತು ಕಾದಳು. ಆಮೇಲೆ ಎದ್ದು ಅಜ್ಜನ ಕೊರಳಿಗೆ ಹೂ ಹಾಕಿದಳು.

"ಎತ್ರಪ್ಪ. ಏರಿ ಮ್ಯಾಲೆ ನಡೀರಿ."

ನಾನು ಅವಳ ರಟ್ಟೆ ಹಿಡಿದೆ. "ಅವ್ವ, ಅಪ್ಪನ್ನ ಬೀಳಿಸಿದ್ದು ಮರೆತೆಯೇನು?"

"ಮರೀಲಿಲ್ಲ. ಅದಕ್ಕೇ."

ನಮ್ಮಲ್ಲಿ ಹೆಂಗಸರು ಸ್ಮಶಾನದವರೆಗೆ ಹೋಗುವುದಿಲ್ಲ. ಆ ದಿನ ಅವ್ವ ಸೀರೆ ಎತ್ತಿ ಕಟ್ಟಿ ಕಾಲುವೆಗೇ ಇಳಿದಳು. ಮೇಲಿನಿಂದ ನೀರು ಬಿಡುವುದು ನಿಂತಿತ್ತು, ಮೊಣಕಾಲುದ್ದ ಕೆಸರು. ಏರಿಯ ಮೇಲೆ ಹೊತ್ತವರು ನಡೆದರೆ ಕೆಳಗೆ ಅವಳು ಒಂದು ಕೈ ಮೇಲೆತ್ತಿ ಚಟ್ಟದ ಬಿದಿರು ಹಿಡಿದು ನಡೆದಳು. ನಾನೂ ಇಳಿದೆ. ನನ್ನ ಹಿಂದೆ ರತ್ನಮ್ಮ ಇಳಿದಳು, ಅವಳ ಹಿಂದೆ ಕೇರಿಯ ಉಳಿದ ಹೆಂಗಸರು, ಆವತ್ತು ಬದುವಿನ ಮೇಲೆ ನಿಂತು ಅವ್ವನನ್ನು ದುರುಗುಟ್ಟಿ ನೋಡಿದ್ದವರೆಲ್ಲ. ಕೈಗೆ ಕೈ ತಾಗುವಷ್ಟು ಹತ್ತಿರ ಹತ್ತಿರ ನಿಂತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಿದಿರು ದಾಟಿಸುತ್ತ ಹೋದೆವು. ಗದ್ದೆಯ ಬದುವಿನ ಮೇಲೆ ಗೌಡರು ಚಪ್ಪಲಿ ಬಿಟ್ಟು ನಿಂತಿದ್ದರು. ಅವರ ಭತ್ತದ ಒಂದು ತೆನೆಯೂ ಮುರಿಯಲಿಲ್ಲ. ಏರಿಯ ಮೇಲೆ ಯಾರ ಕಾಲೂ ಜಾರಲಿಲ್ಲ.